ಭಟ್ಟಿಯಲ್ಲಿ ಒಣಗಿದ ಜಲಜನಕ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಮಂಡಕ್ಕಿ ತಿನ್ನುವುದು ನನಗೆ ಇಂದಿಗೂ ಆಗುವುದಿಲ್ಲ. ದಾವಣಗೆರೆಯವನ ಬಾಯಲ್ಲಿ ಇದು ಊರಿಗೇ ಬಗೆದ ದ್ರೋಹ. ಆದರೇನು ಮಾಡಲಿ, ಎಪ್ಪತ್ತರ ದಶಕದ ಕೊನೆಯ ಒಂದು ಶ್ರಾವಣದಲ್ಲಿ, ಸರಿಯಾಗಿ ಆ ಹೊತ್ತಿಗೆ, ಹರಿಹರದ ಹೊಳೆಯ ಮೆಟ್ಟಿಲ ಮೇಲೆ ನಾನು ಮಂಡಕ್ಕಿ ಪೊಟ್ಟಣ ಬಿಚ್ಚುತ್ತಿದ್ದಾಗಲೇ ವನಜಕ್ಕನ ಟ್ರಂಕು ಜಾರಿ ತುಂಬಿದ ತುಂಗಭದ್ರೆಗೆ ಬಿತ್ತು. ಅದರ ಹಿಂದೆಯೇ ಅಕ್ಕನೂ ಇಳಿದಳು.

ಟ್ರಂಕಿನಲ್ಲಿ ಸೀರೆಗಳಿರಲಿಲ್ಲ. ಗ್ಯಾಲಕ್ಸಿಗಳ ಒಂದು ದೊಡ್ಡ ಗುಂಪಿನ ಸುತ್ತಮುತ್ತ ಚದುರಿರುವ ಗ್ಯಾಲಕ್ಸಿಗಳಲ್ಲಿ ತಟಸ್ಥ ಜಲಜನಕ, ಅಂದರೆ ಮುಂದೆಂದೋ ನಕ್ಷತ್ರವಾಗಬೇಕಾದ ತಣ್ಣನೆಯ ಅನಿಲ, ಎಷ್ಟಿದೆಯೆಂದು ಹೊರದೇಶದ ರೇಡಿಯೋ ದೂರದರ್ಶಕದಲ್ಲಿ ಅವಳು ಅಳೆದು ತಂದ ಕಾಗದದ ಸುರುಳಿಗಳಿದ್ದವು. ಅನಿಲ ಹೆಚ್ಚಿದ್ದರೆ ಶಾಯಿಯ ಗೆರೆ ಗುಡ್ಡದಂತೆ ಏಳುತ್ತದೆ, ಇಲ್ಲದಿದ್ದರೆ ಮಲಗುತ್ತದೆ. ಅವುಗಳಿಗೆ ಬೇರೆ ಪ್ರತಿಯಿರಲಿಲ್ಲ. ಆ ಯಂತ್ರ ಅವಳಿಗೆ ಮತ್ತೆ ಸಿಗುವಂತೆಯೂ ಇರಲಿಲ್ಲ. ರೈಲಿಳಿದು ಹೊಳೆಯಲ್ಲಿ ಕಾಲು ತೊಳೆದೇ ಮನೆಗೆ ಬರಬೇಕೆಂಬುದು ಅಮ್ಮನ ಹರಕೆ. ಟ್ರಂಕನ್ನು ಸ್ಟೇಷನ್ನಿನಲ್ಲಿ ಬಿಡಬಾರದೆಂಬುದು ಅಕ್ಕನ ಹಟ.

ಈಜು ಬಾರದ ನಾನು ಒಂದು ಕೈಯಲ್ಲಿ ಕಲ್ಲುಕಂಬ, ಇನ್ನೊಂದರಲ್ಲಿ ಅವಳ ಜಡೆ ಹಿಡಿದೆ. ಮಂಡಕ್ಕಿ ಪೊಟ್ಟಣ ಹಲ್ಲಲ್ಲಿತ್ತೆಂದು ಅಕ್ಕ ಹೇಳುತ್ತಾಳೆ, ನಾನು ಅಲ್ಲಗಳೆಯಲಾರೆ.

"ಜಡೆ ಬಿಡೋ, ಟ್ರಂಕ್ ಹಿಡಿ" ಎಂದು ಕುತ್ತಿಗೆಮಟ್ಟದ ನೀರಿನಿಂದಲೇ ಬೈದಳು. ವಿಜ್ಞಾನಕ್ಕಾಗಿ ಅಕ್ಕನನ್ನು ಬಿಡುವಷ್ಟು ದೊಡ್ಡ ವಿಜ್ಞಾನಿ ನಾನಲ್ಲ. ಹರಿಗೋಲಿನವನೊಬ್ಬ ಮೊದಲು ಅವಳನ್ನು, ಆಮೇಲೆ ಟ್ರಂಕನ್ನು ದಡಕ್ಕೆ ತಂದ.

"ಏನೈತ್ರಿ ಇದ್ರಾಗೆ, ಬಂಗಾರನಾ?"

"ಗಾಳಿ ಐತಪ್ಪ" ಎಂದಳು ಅಕ್ಕ, ನಡುಗುತ್ತ.

ನೆನೆದ ಸುರುಳಿ ಸುತ್ತಿದಂತೆಯೇ ಒಣಗಿದರೆ ಅಂಟಿ ಹಲಗೆಯಾಗುತ್ತದೆ. ಬಿಡಿಸಿ ಹರವೋಣವೆಂದರೆ ವಾರದಿಂದ ಬಿಸಿಲಿಲ್ಲ. ದಾವಣಗೆರೆಯ ಮನೆ ಸೇರಿದಾಗ ಊರಿನಲ್ಲಿ ಬೆಚ್ಚಗಿದ್ದುದು ಮಂಡಕ್ಕಿ ಹುರಿಯುವ ಭಟ್ಟಿಗಳು ಮಾತ್ರ. ನೆರೆಯ ಭಟ್ಟಿಯ ಬಾಷಾ ಸಾಬರು ಸಂಗತಿ ಕೇಳಿ, "ಅಕ್ಕಿ ಆಮೇಲೆ ಹುರಿದ್ರಾತು, ತರ್ರಿ" ಎಂದರು. ಬೆಂಕಿ ಸಣ್ಣದಾಯಿತು, ಹಗ್ಗಗಳು ಬಿಗಿದವು. ನೀರಿನಿಂದ ಉಳಿದದ್ದು ಕಿಡಿಗೆ ಹೋಗದಿರಲೆಂದು ನಾನು ಬಕೆಟ್ ಹಿಡಿದು ಕಾವಲು ನಿಂತೆ. ಕಣ್ಣು ಮುಚ್ಚಿದರೆ ಸಾಕು, ಒದ್ದೆ ಜಡೆ ಕೈಯಿಂದ ಜಾರುತ್ತಿತ್ತು. ನಿದ್ದೆಯಂತೂ ದೂರದ ಮಾತು.

ಕಲಸುಮೇಲೋಗರವಾಗದಿರಲೆಂದು ಅಕ್ಕ ಗುಂಪಿಗೆ ದೂರದ ಗ್ಯಾಲಕ್ಸಿಗಳನ್ನು ಬಾಗಿಲ ಬಳಿ, ಹತ್ತಿರದವನ್ನು ಭಟ್ಟಿಯ ಬಳಿ ನೇತುಹಾಕಿದ್ದಳು. ಶಾಯಿ ಅಲ್ಲಲ್ಲಿ ಹರಡಿದ್ದರೂ ಗೆರೆ ಅಳಿದಿರಲಿಲ್ಲ. ಸಾಬರ ಹೆಂಡತಿ ಜೈನಾಬಿ ಬಂದು ನೋಡಿದರು.

"ಇದು ಯಾರ ಎದಿ ಬಡಿತ, ಅಕ್ಕಾ?"

"ನಕ್ಷತ್ರದ ಊರುಗಳದು."

"ಒಲಿ ಹತ್ರ ಇರೋವು ಯಾಕ ಹಿಂಗೆ ಮಲಗ್ಯಾವು?"

ಅಕ್ಕ ಬಾಗಿಲಿಂದ ಭಟ್ಟಿಯವರೆಗೆ ನಡೆದಳು, ತಿರುಗಿ ಬಂದಳು, ಮತ್ತೆ ನಡೆದಳು. ಒಂದೊಂದಾಗಿ ಮೇಜಿನ ಮೇಲೆ ಬಿಡಿಸಿ ನೋಡಿದ್ದವಳಿಗೆ ಇಡೀ ಸಾಲು ಹೀಗೆ ಒಟ್ಟಿಗೆ ಕಂಡಿದ್ದು ಅದೇ ಮೊದಲು. ಬಾಗಿಲ ಬಳಿ ಎದ್ದುನಿಂತ ಗುಡ್ಡಗಳು ಒಳಗೆ ಬಂದಂತೆಲ್ಲ ಕುಗ್ಗಿ, ಒಲೆಯ ಪಕ್ಕದಲ್ಲಿ ನೆಲಸಮವಾಗಿದ್ದವು. ಗುಂಪಿನ ನಡುವೆ ಕುದಿಯುವ ಬಿಸಿ ಅನಿಲವಿರುತ್ತದಂತೆ. ಅದರೊಳಕ್ಕೆ ಬೀಳುವ ಗ್ಯಾಲಕ್ಸಿಯ ತಣ್ಣನೆಯ ಜಲಜನಕ ಕಿತ್ತುಹೋಗುತ್ತದಂತೆ. ಅವಳು ಹುಡುಕಿಕೊಂಡು ಹೋದದ್ದು ಅದನ್ನೇ.

"ಜಾತ್ರಿ ಒಳಗ ಹೋಗಿ ಜೇಬು ಖಾಲಿ ಮಾಡ್ಕೊಂಡಾವು, ಜೈನಾಬಿ" ಎಂದು ಅಕ್ಕಿ ಮೂಟೆಯ ಮೇಲೆ ಕುಳಿತು ನಕ್ಕಳು, ಕಣ್ಣೀರು ಬರುವವರೆಗೂ.

ಮನುಷ್ಯ ತಾನು ಉಳಿಸಿಕೊಂಡದ್ದನ್ನು ನೋಡಲು ಅದನ್ನೊಮ್ಮೆ ಕಳೆದುಕೊಳ್ಳುವ ಅಂಚಿಗೆ ಬರಬೇಕೇನೋ. ನಾನಂತೂ ಅಕ್ಕನ ಜಡೆಯನ್ನು ಅಷ್ಟು ಗಮನಿಸಿ ನೋಡಿದ್ದು ಆಗಲೇ.

ಕೊನೆಯ ಸುರುಳಿ ಟ್ರಂಕು ಸೇರಿದ ಶುಕ್ರವಾರದ ರಾತ್ರಿ ನಾವಿಬ್ಬರೂ ಒಮ್ಮೆಯೂ ಎಚ್ಚರವಾಗದೆ ಮಲಗಿದೆವು. ಎದ್ದಾಗ ಕಿಟಕಿಯಲ್ಲಿ, ಬೇಕಾದಾಗ ತಲೆಮರೆಸಿಕೊಂಡಿದ್ದ ಬಿಸಿಲು. ಅಮ್ಮ ಒಗ್ಗರಣೆ ಮಂಡಕ್ಕಿ ಮುಂದಿಟ್ಟಳು. ಎರಡು ತಟ್ಟೆ ತಿಂದೆ. ಆಗ ಬೆಳಗಿನ ಎಂಟು. ಮೂರು ಹತ್ತಕ್ಕೆ ಇನ್ನೂ ಬಹಳ ಹೊತ್ತಿತ್ತು.