ಅಕ್ಕೋಳದ ಕಾರಿನ ಪಾಟಾ

೧೯೮೮ರ ಫೆಬ್ರವರಿ. ನಿಪ್ಪಾಣಿಯಲ್ಲಿ ಹೆದ್ದಾರಿ ಬದಿಗೆ ನಾನು ಪಾಟಾ ಅಂಗಡಿ ತೆರೆದು ಹನ್ನೊಂದು ವರ್ಷವಾಗಿತ್ತು. ಪಾಟಾ ಎಂದರೆ ಗಾಡಿಯ ಭಾರ ಹೊರುವ ಲೀಫ್ ಸ್ಪ್ರಿಂಗ್. ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿ, ನಡುವೆ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ಲಾರಿಯವರು ಅಳತೆ ಮೀರಿ ಹೇರಿ, ಪಾಟಾ ಚಪ್ಪಟೆ ಮಾಡಿಕೊಂಡು ನನ್ನ ಬಾಗಿಲಿಗೆ ಬರುತ್ತಿದ್ದರು. ನನ್ನ ಹತ್ತಿರ ಎಲ್ಲ ರೋಗಕ್ಕೂ ಒಂದೇ ಔಷಧಿ ಇತ್ತು: ಇನ್ನೊಂದು ಪಟ್ಟಿ ಹೆಚ್ಚಿಗೆ ಹಾಕುವುದು. ಗಾಡಿ ಎದ್ದು ನಿಲ್ಲುತ್ತಿತ್ತು, ಡ್ರೈವರ್ ಖುಷಿಯಿಂದ ಹೋಗುತ್ತಿದ್ದ. ಚಿಕ್ಕೋಡಿ, ರಾಯಬಾಗದವರೂ ದಸ್ತಗೀರ ಮಿಸ್ತ್ರಿಯೇ ಬೇಕೆಂದು ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಅದರಿಂದ ನನ್ನ ತಲೆ ಸ್ವಲ್ಪ ತಿರುಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಅಂಥ ದಿನಗಳಲ್ಲಿ ಅಕ್ಕೋಳದ ರಾವಸಾಹೇಬರು ತಮ್ಮ ಹಳೆಯ ಕಾರು ತಂದರು. ೧೯೪೮ರ ವಿಲಾಯತಿ ಗಾಡಿ. ಅವರ ತಂದೆ ಕೊಂಡದ್ದು. ಕಪ್ಪು ಬಣ್ಣ, ದೊಡ್ಡ ದೊಡ್ಡ ಮಡ್‌ಗಾರ್ಡು, ಹಿಂದೆ ಮಂಚದಷ್ಟು ಅಗಲವಾದ ಸೀಟು. ಹಿಂಭಾಗ ಮಾತ್ರ ಕುಸಿದು ಕೂತಿತ್ತು. ಆಕ್ಸಲ್‌ಗೂ ಅದರ ಮೇಲಿನ ರಬ್ಬರ್ ತಡೆಗೂ ನಡುವೆ ಸುಮಾರು ಮೂರು ಇಂಚು ಅಂತರ ಇರಬೇಕು. ನಾನು ಅಳೆದಾಗ ಅರ್ಧ ಇಂಚು ಉಳಿದಿತ್ತು. ಸಣ್ಣ ಗುಂಡಿ ಬಂದರೂ ಆಕ್ಸಲ್ ಹೋಗಿ ರಬ್ಬರಿಗೆ ಬಡಿಯುತ್ತಿತ್ತು.

ರಾವಸಾಹೇಬರು ಮೆಲುಮಾತಿನ ಮನುಷ್ಯ. ನಾನು ಚಹಾ ತರಿಸಿ ಕೂರಿಸಿದ ಮೇಲೆ ವಿಷಯ ಹೇಳಿದರು. ಅವರ ಹೆಂಡತಿ ಶಾಂತಾಬಾಯಿಯವರಿಗೆ ೧೯೮೬ರ ಕೊನೆಗೆ ಮಿರಜಿನಲ್ಲಿ ಬೆನ್ನುಮೂಳೆಯ ಆಪರೇಷನ್ ಆಗಿತ್ತು. ಅಂದಿನಿಂದ ಹದಿನಾಲ್ಕು ತಿಂಗಳು ಮನೆ ಬಿಟ್ಟು ಹೋಗಿರಲಿಲ್ಲ. ಈಗ ಪ್ರಯಾಣ ಮಾಡಬಹುದು, ಆದರೆ ಸೊಂಟಕ್ಕೆ ಪೆಟ್ಟು ಬೀಳಬಾರದು ಎಂದು ಡಾಕ್ಟರು ಹೇಳಿದ್ದರು. ಅಥಣಿ ಕಡೆಯ ಸತ್ತಿಯಲ್ಲಿ ಶಾಂತಾಬಾಯಿಯವರ ಅಕ್ಕ ಇದ್ದರು. ತಾಯಿಯಿಲ್ಲದ ತಂಗಿಯನ್ನು ಸಾಕಿ ಮದುವೆ ಮಾಡಿಕೊಟ್ಟ ಅಕ್ಕ. ಅವರಿಗೆ ಲಕವಾ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಅಕ್ಕ ಬರುವಂತಿಲ್ಲ, ತಂಗಿ ಹೋಗುವಂತಿಲ್ಲ. ಈ ಕಾರಿನ ಸೀಟಿನಲ್ಲಾದರೆ ಒರಗಿಕೊಂಡು ಹೋಗಬಹುದು, ಪಾಟಾ ಒಂದು ಸರಿ ಮಾಡಿಕೊಡಿ ಎಂದರು.

ನಾನು ಎರಡೇ ದಿನದಲ್ಲಿ ಮಾಡಿಕೊಟ್ಟೆ. ಏಳು ಪಟ್ಟಿಗಳ ಪಾಟಾಕ್ಕೆ ಎಂಟನೆಯದನ್ನು ಸೇರಿಸಿದೆ. ಲಾರಿಯ ಹಳೆ ಪಟ್ಟಿ ಕತ್ತರಿಸಿ ಮಾಡಿದ್ದು, ಗಟ್ಟಿ ಉಕ್ಕು. ಅಂತರ ನಾಲ್ಕು ಇಂಚಿಗೆ ಏರಿತು. ಕಾರು ಹೊಸ ಹೋರಿಯ ಹಾಗೆ ಬೆನ್ನೆತ್ತಿ ನಿಂತಿತು. ನಾಲ್ಕು ಜನ ನಿಂತು ನೋಡಿ ಶಹಬ್ಬಾಸ್ ಅಂದರು, ನಾನೂ ಮೀಸೆ ತಿರುವಿಕೊಂಡೆ.

ನಾಲ್ಕನೆಯ ದಿನ ರಾವಸಾಹೇಬರು ಒಬ್ಬರೇ ಬಂದರು. ಸತ್ತಿಗೆ ಹೊರಟವರು ಚಿಕ್ಕೋಡಿಯಿಂದಲೇ ತಿರುಗಿ ಬಂದಿದ್ದರು. ರಸ್ತೆಯ ಒಂದೊಂದು ಕಲ್ಲೂ ಲೆಕ್ಕ ಸಿಗುವಷ್ಟು ಸೀಟು ಒದೆಯುತ್ತಿತ್ತಂತೆ. ಶಾಂತಾಬಾಯಿ ಸೆರಗು ಕಚ್ಚಿಕೊಂಡು ಕೂತಿದ್ದನ್ನು ಕನ್ನಡಿಯಲ್ಲಿ ನೋಡಿ ಇವರೇ ಗಾಡಿ ತಿರುಗಿಸಿದ್ದರು.

“ಪಾಟಾ ಎತ್ತರ ಆಗ್ಯಾವ, ಮಿಸ್ತ್ರಿ,” ಎಂದರು. “ಆದ್ರ ಆಕಿಗೆ ಕುಂದ್ರಾಕ ಆಗವಲ್ದು.”

ಬೈದಿದ್ದರೆ ನಾನೂ ಎರಡು ಮಾತು ತಿರುಗಿ ಆಡುತ್ತಿದ್ದೆ, ನನ್ನ ಸ್ವಭಾವವೇ ಹಾಗೆ. ಅವರು ಬೈಯಲಿಲ್ಲ. ಅಂಗಡಿ ಮುಚ್ಚಿ ಅವರ ಹಿಂದೆಯೇ ಅಕ್ಕೋಳಕ್ಕೆ ಹೋದೆ.

ಶಾಂತಾಬಾಯಿ ಪಡಸಾಲೆಯಲ್ಲಿ ದಿಂಬಿಗೆ ಒರಗಿದ್ದರು. ನಾನು ಅಪರಾಧಿಯಂತೆ ನಿಂತು, ಪಾಟಾ ಗಟ್ಟಿಯೇ ಇದೆ, ರಸ್ತೆ ಕೆಟ್ಟಿದೆ ಎಂದು ಏನೋ ಹೇಳಿದೆ. ಅವರು ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು.

“ನೀವು ಹಿಂದಿನ ಸೀಟಿನ್ಯಾಗ ಕುಂತ ನೋಡೀರೇನು?”

“ಇಲ್ರಿ ವೈನಿ.”

“ಹಂಗಾರ ಇವತ್ತ ಕುಂದರ್ರಿ.”

ಒಳಗಿನಿಂದ ಒಂದು ಬೆಳ್ಳಿ ಲೋಟ ತರಿಸಿ, ಅಂಚಿನವರೆಗೆ ನೀರು ತುಂಬಿಸಿ ನನ್ನ ಕೈಗೆ ಕೊಟ್ಟರು. ಹಿಂದೆ ಕೂತೆ, ರಾವಸಾಹೇಬರು ಊರ ಹೊರಗಿನ ತಂಬಾಕು ಹೊಲದವರೆಗೆ ಓಡಿಸಿದರು. ಅರ್ಧ ದಾರಿಗೆ ಲೋಟ ಬರಿದು, ಪ್ಯಾಂಟು ಒದ್ದೆ. ಹನ್ನೊಂದು ವರ್ಷದಲ್ಲಿ ಸಾವಿರಾರು ಗಾಡಿಗಳ ಕೆಳಗೆ ಮಲಗಿದ್ದೇನೆ. ಒಂದರ ಹಿಂದಿನ ಸೀಟಿನಲ್ಲೂ ಕೂತಿರಲಿಲ್ಲ. ಕಬ್ಬಿಗೆ ಸೊಂಟ ನೋಯುವುದಿಲ್ಲವಲ್ಲ. ಮರಳಿ ಬಂದಾಗ ನನ್ನ ಪ್ಯಾಂಟು ನೋಡಿ ಶಾಂತಾಬಾಯಿ ನಕ್ಕರು. ಬಹಳ ದಿನಕ್ಕೆ ನಕ್ಕಳು ಎಂದು ರಾವಸಾಹೇಬರು ನನ್ನ ಕಿವಿಯಲ್ಲಿ ಹೇಳಿದರು.

ಆಮೇಲೆ ಶಾಂತಾಬಾಯಿ ಆ ಲೋಟದ ಕಥೆ ಹೇಳಿದರು. ೧೯೫೨ರಲ್ಲಿ ಮದುವೆಯಾಗಿ ಸತ್ತಿಯಿಂದ ಇದೇ ಕಾರಿನಲ್ಲಿ ಹೊರಟಾಗ, ಅಕ್ಕ ಕಿಟಕಿಯಿಂದ ಈ ಲೋಟದ ತುಂಬ ಹಾಲು ಕೊಟ್ಟಿದ್ದರಂತೆ. ಅಳುತ್ತಿದ್ದ ಹುಡುಗಿ ಹಾಲು ಕುಡಿಯಲಿಲ್ಲ. ಅಥಣಿ ಬರುವವರೆಗೂ ಕೈಯಲ್ಲೇ ಹಿಡಿದಿದ್ದರು. ಹೊಸ ಸೀರೆಯ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

ನನಗೆ ಆಗ ಕೆಲಸದ ದಾರಿ ಕಂಡಿತು. ಈ ಕಾರಿನ ಅಳತೆಯ ಪುಸ್ತಕ ನಿಪ್ಪಾಣಿಯಲ್ಲಂತೂ ಯಾರ ಹತ್ತಿರವೂ ಇರಲಿಲ್ಲ. ಆಗ ಅದರ ಹಿಂದಿನ ಸೀಟು ಹೇಗಿತ್ತು ಎಂದು ಬಲ್ಲವರು ಇವರೊಬ್ಬರೇ, ಇವರ ತುಂಬಿದ ಲೋಟವೇ ನನಗೆ ಅಳತೆ.

ಎಂಟನೆಯ ಪಟ್ಟಿಯನ್ನು ತೆಗೆದು ಬಿಸಾಕಿದೆ. ಹಳೆಯ ಏಳನ್ನೂ ಬಿಚ್ಚಿ ನೋಡಿದರೆ ಪಟ್ಟಿಗಳ ನಡುವೆ ತುಕ್ಕು ಕಚ್ಚಿಕೊಂಡಿತ್ತು. ಗಾಡಿ ಕುಲುಕಿದಾಗ ಪಟ್ಟಿಗಳು ಒಂದರ ಮೇಲೊಂದು ಜಾರಬೇಕು. ಇವು ಜಾರುವುದನ್ನೇ ಮರೆತಿದ್ದವು, ನಾನು ನೋಡದೆ ಅದರ ಮೇಲೆ ಇನ್ನೊಂದು ಹೇರಿದ್ದೆ. ತುಕ್ಕು ಉಜ್ಜಿ ತೆಗೆದೆ. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಬೇಕಾದ ಬಾಗು ಬರೆದುಕೊಂಡೆ. ಕಾಯಿಸಿದರೆ ಉಕ್ಕಿನ ಹದ ಕೆಡುವ ಭಯ, ಆದ್ದರಿಂದ ತಣ್ಣಗಿರುವಾಗಲೇ ಐರಣಿಯ, ಅಂದರೆ ಕಮ್ಮಾರರ ಅಡಿಗಲ್ಲಿನ, ಮೇಲಿಟ್ಟು ಬೆರಳಗಲ ಬೆರಳಗಲಕ್ಕೆ ಸುತ್ತಿಗೆಯಿಂದ ಬಡಿದೆ. ಒಂದು ಪಟ್ಟಿಗೆ ಅರ್ಧ ದಿನ ಹಿಡಿಯಿತು. ಹೊರಗೆ ಕಬ್ಬಿನ ಲಾರಿಯವರು ಹಾರ್ನ್ ಹೊಡೆದು ಹೊಡೆದು ಬೇರೆ ಕಡೆ ಹೋದರು. ಕೊನೆಗೆ ಗ್ರಾಫೈಟ್ ಗ್ರೀಸ್ ಸವರಿ, ಹೊಸ ರಬ್ಬರ್ ಬುಷ್ ಹಾಕಿ ಜೋಡಿಸಿದೆ. ಅಂತರ ಎರಡೂಮುಕ್ಕಾಲು ಇಂಚು ಬಂತು. ಹೊರಗಿನಿಂದ ನೋಡಿದವರಿಗೆ ಏನೂ ವಿಶೇಷ ಕಾಣುತ್ತಿರಲಿಲ್ಲ.

ಈ ಸಲ ಲೋಟ ಹಿಡಿದು ನಾನೇ ಮೊದಲು ಕೂತೆ. ತಂಬಾಕು ಹೊಲಕ್ಕೆ ಹೋಗಿ ಬರುವಷ್ಟರಲ್ಲಿ ಚೆಲ್ಲಿದ್ದು ಎರಡು ಮೂರು ಹನಿ. ಶಾಂತಾಬಾಯಿ ಲೋಟ ನೋಡಿದರು, ನನ್ನ ಪ್ಯಾಂಟು ನೋಡಿದರು, ಮರುದಿನ ಹೊರಡೋಣ ಎಂದರು. ಏನಾದರೂ ಕೆಟ್ಟರೆ ಇರಲಿ ಎಂದು ಪಾನಾ, ಜ್ಯಾಕ್ ತೆಗೆದುಕೊಂಡು ನಾನೂ ಮುಂದೆ ಕೂತೆ. ನಿಜ ಹೇಳಬೇಕೆಂದರೆ ಹೆದರಿಕೆಯಿತ್ತು. ಚಿಕ್ಕೋಡಿ ದಾಟಿತು, ಕಾಗವಾಡ ದಾಟಿತು. ಪ್ರತಿ ಗುಂಡಿಗೂ ನಾನು ಹಿಂದಕ್ಕೆ ಕಿವಿಗೊಡುತ್ತಿದ್ದೆ. ಹಿಂದಿನಿಂದ ನರಳಿಕೆ ಕೇಳಲಿಲ್ಲ. ಅಥಣಿಯ ಹತ್ತಿರ ಕನ್ನಡಿಯಲ್ಲಿ ನೋಡಿದರೆ ಶಾಂತಾಬಾಯಿಗೆ ನಿದ್ದೆ ಬಂದಿತ್ತು. ರಾವಸಾಹೇಬರು ನನ್ನ ತೊಡೆ ತಟ್ಟಿದರು. ಹನ್ನೊಂದು ವರ್ಷದಲ್ಲಿ ನನಗೆ ಸಿಕ್ಕ ದೊಡ್ಡ ಶಹಬ್ಬಾಸ್ ಅದೇ.

ಸತ್ತಿಯಲ್ಲಿ ಅಕ್ಕತಂಗಿ ಕೈ ಹಿಡಿದು ಕೂತರು. ನಾವಿಬ್ಬರೂ ಅಲ್ಲಿ ನಿಲ್ಲದೆ ನದಿಯ ಕಡೆ ನಡೆದುಬಿಟ್ಟೆವು.

ಎರಡು ದಿನ ಇದ್ದು ಹೊರಟಾಗ ಅಕ್ಕನನ್ನು ಕುರ್ಚಿ ಸಮೇತ ಎತ್ತಿ ಕಾರಿನ ಪಕ್ಕ ತಂದಿಟ್ಟರು. ಶಾಂತಾಬಾಯಿ ಜೊತೆಗೆ ತಂದಿದ್ದ ಬೆಳ್ಳಿ ಲೋಟ ಅಕ್ಕನ ತೊಡೆಯ ಮೇಲಿತ್ತು, ತುಂಬ ಹಾಲು. ಅಕ್ಕ ಅದನ್ನು ಎಡಗೈಯಿಂದ ಎತ್ತಿ ಕಿಟಕಿಯೊಳಗೆ ಚಾಚಿದರು. ಕೈ ನಡುಗಿ ಅರ್ಧ ಹಾಲು ಕಾರಿನ ಬಾಗಿಲ ಮೇಲೆಯೇ ಚೆಲ್ಲಿತು. ಉಳಿದ ಅರ್ಧವನ್ನು ತಂಗಿ ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಸಾವಕಾಶ ಹೊಡೀರಿ,” ಎಂದರು ಗಂಡನಿಗೆ.

ಇಪ್ಪತ್ತಾರು ವರ್ಷ ಅಂಗಡಿ ನಡೆಸಿ ಈಗ ಮನೆಯಲ್ಲಿದ್ದೇನೆ. ಆ ಫೆಬ್ರವರಿಯ ನಂತರ ಯಾವ ಗಾಡಿಯನ್ನೂ, ಕಬ್ಬಿನ ಟ್ರೇಲರನ್ನು ಬಿಟ್ಟು, ಹಿಂದೆ ಕೂತು ಒಂದು ಸುತ್ತು ಹೋಗಿ ಬರದೆ ಕೊಟ್ಟಿಲ್ಲ. ಕೈಯಲ್ಲಿ ನೀರು ತುಂಬಿದ ಲೋಟ ಹಿಡಿದು ಕೂತವನನ್ನು ನೋಡಿ ನಿಪ್ಪಾಣಿಯ ಜನ ನಕ್ಕಿದ್ದುಂಟು. ನಗಲಿ ಬಿಡಿ. ನಾನು ಕನ್ನಡಿಯಲ್ಲಿ ನೋಡಿದ್ದೇನೆ: ಸತ್ತಿಯಿಂದ ಅಥಣಿಯವರೆಗೆ ಶಾಂತಾಬಾಯಿ ಆ ಹಾಲು ಕುಡಿಯಲಿಲ್ಲ, ಅದು ಚೆಲ್ಲಲೂ ಇಲ್ಲ.