ಐದರಲ್ಲಿ ಮುಗಿಯುವ ಅಂಕ

ಡ್ರೈಕ್ಲೀನಿಂಗ್ ಅಂಗಡಿಯ ಮೇಲಿನ ಮಹಡಿಯಲ್ಲಿ ಪಾಠ ಹೇಳುವವರನ್ನು ಬೀದಿಯವರು ಅಂಕಮ್ಮ ಅನ್ನುತ್ತಾರೆ. ಎದುರಿಗಲ್ಲ, ಬೆನ್ನ ಹಿಂದೆ. ಅವರಿಗೂ ಗೊತ್ತು. "ಸದ್ಯ, ಸೊನ್ನೆಯಮ್ಮ ಅನ್ನಲಿಲ್ಲವಲ್ಲ" ಎಂದು ನಗುತ್ತಾರೆ. ಬಿಸಿನೆಸ್ ಸ್ಕೂಲಿನ ಪ್ರವೇಶ ಪರೀಕ್ಷೆಗೆ ಹುಡುಗ ಹುಡುಗಿಯರನ್ನು ತಯಾರು ಮಾಡುವುದು ಅವರ ಕಸುಬು. ಕೆಳಗಿನಿಂದ ಇಸ್ತ್ರಿಯ ಹಬೆ ಕಿಟಕಿಗೆ ಹತ್ತುತ್ತದೆ, ಮೇಲಿನಿಂದ ಅನುಪಾತದ ಲೆಕ್ಕ ಅಂಗಡಿಗೆ ಇಳಿಯುತ್ತದೆ.

ಈ ಪರೀಕ್ಷೆ ಕಾಗದ ಪೆನ್ಸಿಲಿನಲ್ಲಿದ್ದ ಕಾಲದಿಂದ ಅವರು ಅದರ ಬೆನ್ನು ಬಿದ್ದಿದ್ದಾರೆ. ಆಗ ಎಂಟುನೂರಕ್ಕೆ ಆರುನೂರು ಬಂದರೆ ಮನೆಯವರು ಬೀದಿಗೆಲ್ಲ ಸಾರಿ ಬರುತ್ತಿದ್ದರು. ಆಮೇಲೆ ಕೋಚಿಂಗ್ ಹೆಚ್ಚಿತು, ಎಲ್ಲರಿಗೂ ಒಳಗುಟ್ಟು ತಿಳಿಯಿತು, ಆರುನೂರ ಐವತ್ತಕ್ಕೆ "ಪರವಾಗಿಲ್ಲ" ಅನ್ನುವಂತಾಯಿತು. ಇನ್ನೊಂದಿಷ್ಟು ವರ್ಷ ಕಳೆದ ಮೇಲೆ ಏಳುನೂರು ಪಡೆದವರೂ ಮುಖ ಸಪ್ಪೆ ಮಾಡಿಕೊಂಡು ಬಂದು ಕೂರತೊಡಗಿದರು. ಮಕ್ಕಳು ಜಾಣರಾದರಾ? ಒಂದಿಷ್ಟು. ಆದರೆ ಎಲ್ಲರೂ ಜೋರಾಗಿ ಓಡಿದರೆ ಯಾರೂ ಮುಂದಾಗುವುದಿಲ್ಲ, ಎಲ್ಲರಿಗೂ ಏದುಸಿರು ಬರುತ್ತದೆ, ಅಷ್ಟೆ. ಓಟದ ಶುಲ್ಕ ವಸೂಲಿ ಮಾಡುವವನಿಗೆ ಮಾತ್ರ ಏದುಸಿರಿಲ್ಲ.

ಪರೀಕ್ಷೆಯ ರೂಪ ಬದಲಾದಾಗಲೆಲ್ಲ ಅಂಕಮ್ಮ ತಾವೇ ಹೋಗಿ ಬರೆದು ಬರುತ್ತಾರೆ. ಕಳೆದ ಸಲ ಕೇಂದ್ರದ ಬಾಗಿಲಲ್ಲಿ ಕಾವಲಿನವನು, "ಅಮ್ಮಾ, ಪೋಷಕರು ಆ ಕಡೆ ಬೆಂಚಲ್ಲಿ ಕೂತ್ಕೊಳ್ಳಿ" ಅಂದ. "ಪೋಷಕಿನೂ ನಾನೇ, ಮಗೂನೂ ನಾನೇ. ದಾರಿ ಬಿಡಪ್ಪಾ" ಅಂದರು.

ಆ ಸಲದ ಬದಲಾವಣೆ ಸಣ್ಣದಲ್ಲ. ಏಳುನೂರು ತೀರಾ ಅಗ್ಗವಾಯಿತೆಂದೋ ಏನೋ, ಪರೀಕ್ಷೆಯವರು ಅಳತೆಗೋಲನ್ನೇ ಬದಲಿಸಿದರು. ಹಳೆಯದರಲ್ಲಿ ಏಳುನೂರು ತರುತ್ತಿದ್ದ ಜಾಣತನಕ್ಕೆ ಹೊಸದರಲ್ಲಿ ಆರುನೂರ ನಲವತ್ತೈದು. ಎರಡೂ ಬೆರೆತುಹೋಗಬಾರದೆಂದು ಒಂದು ಗುರುತನ್ನೂ ಇಟ್ಟರು: ಹಳೆಯ ಅಂಕ ಸೊನ್ನೆಯಲ್ಲಿ ಮುಗಿಯುತ್ತಿತ್ತು, ಹೊಸದು ಯಾವಾಗಲೂ ಐದರಲ್ಲೇ ಮುಗಿಯುತ್ತದೆ. ಆ ಬಾಲದ ಅರ್ಥವನ್ನು ಮಾತ್ರ ಮನೆಮನೆಗೆ ಬಂದು ಯಾರೂ ಹೇಳಲಿಲ್ಲ. ಎದುರು ರಸ್ತೆಯ ದೊಡ್ಡ ಕೋಚಿಂಗಿನವರಂತೂ ಹಳೆಯ ಏಳುನೂರ ಮೂವತ್ತುಗಳ ನಗುಮುಖಗಳನ್ನು ಫಲಕದಿಂದ ಇಳಿಸಲೇ ಇಲ್ಲ. ಹೊಸ ಅಂಕ ಸಣ್ಣದಾಗಿ ಕಂಡಷ್ಟೂ ಅಪ್ಪಂದಿರ ಭಯ ದೊಡ್ಡದಾಗುತ್ತದೆ. ಭಯಕ್ಕೆ ರಸೀದಿ ಹರಿಯುವುದೇ ಅವರ ವ್ಯಾಪಾರ. ಇದನ್ನು ಮೋಸ ಅನ್ನದೆ ಮಾರ್ಕೆಟಿಂಗ್ ಅನ್ನುವವರು ಒಮ್ಮೆ ನಾಲಿಗೆ ತೊಳೆದುಕೊಳ್ಳಲಿ.

ಈ ಭಯಕ್ಕೆ ಕೆಳಗಿನ ಅಂಗಡಿಯ ಯಜಮಾನರೂ ಸಿಕ್ಕಿಬಿದ್ದರು. ಅವರ ಮಗ ಹಳೆಯ ಪರೀಕ್ಷೆಯಲ್ಲಿ ಆರುನೂರ ಎಂಬತ್ತು ತೆಗೆದವನು. ಸಂದರ್ಶನಕ್ಕೆ ಹೋಗಿ, ಸೀಟು ಸಿಗದೆ ಬಂದು, ಈಗ ಪಕ್ಕದ ಬೀದಿಯ ವಿಮಾ ಕಚೇರಿಯಲ್ಲಿದ್ದಾನೆ. ಕೆಲಸಕ್ಕಿಂತ ಆ ಅಂಕವೇ ಮನೆಯ ಹೆಮ್ಮೆ. ಈ ಸಲ ಮಗಳು ಬರೆದಳು. ಕೌಂಟರಿನಲ್ಲಿ ಬಟ್ಟೆಗಳಿಗೆ ಚೀಟಿ ಪಿನ್ ಮಾಡಿ, ಬಿಡುವಾದಾಗ ಮಹಡಿ ಹತ್ತಿ ಓದಿದ ಹುಡುಗಿ. ಬಂದದ್ದು ಆರುನೂರ ಐವತ್ತೈದು. ದೂರದ ಒಳ್ಳೆಯ ಕಾಲೇಜೊಂದು ಸಂದರ್ಶನಕ್ಕೆ ಕರೆಯಿತು. ಬರುತ್ತೀರೋ ಇಲ್ಲವೋ ಅಂತ ಸಂಜೆಯೊಳಗೆ ತಿಳಿಸಬೇಕು.

ಅಪ್ಪ ಬೇಡ ಅಂದರು. ಹುಡುಗಿ ಅಳುವ ಪೈಕಿಯಲ್ಲ. ಮೇಲೆ ಬಂದು, "ಮೇಡಂ, ಅಪ್ಪ ಅಣ್ಣನ ಅಂಕ ಹಿಡ್ಕೊಂಡು ಕೂತಿದಾರೆ" ಅಂದಳು. ಅಂಕಮ್ಮ ಸೀಮೆಸುಣ್ಣದ ಕೈಯಲ್ಲೇ ಮೆಟ್ಟಿಲಿಳಿದರು.

ಯಜಮಾನರು ಪ್ಯಾಂಟೊಂದಕ್ಕೆ ಗೆರೆ ಕೂರಿಸುತ್ತಿದ್ದರು. ಅವರ ಹೆಂಡತಿ ಕೋಟಿನ ಹರಿದ ಒಳಬಟ್ಟೆಗೆ ಸೂಜಿ ಹಾಕುತ್ತಿದ್ದರು. ಊಟದ ಬಿಡುವಿಗೆ ಬಂದ ಮಗ ಕೌಂಟರಿನ ಸ್ಟೂಲಿನ ಮೇಲೆ ಕೂತು ಫೋನ್ ತಿಕ್ಕುತ್ತಿದ್ದ.

"ಏನ್ ಯಜಮಾನ್ರೇ, ಹುಡುಗೀನ ಕಳಿಸಲ್ವಂತೆ?"

"ನೀವೇ ಹೇಳಿ ಮೇಡಂ. ಆರುನೂರ ಎಂಬತ್ತನ್ನೇ ಯಾರೂ ಮೂಸಿ ನೋಡ್ಲಿಲ್ಲ. ಇವಳದ್ದು ಇನ್ನೂ ಕಮ್ಮಿ. ಅಷ್ಟು ದೂರ ಹೋಗಿ ಬೇಡ ಅನ್ನಿಸ್ಕೊಂಡು ಬರೋದ್ಯಾಕೆ? ವಾಪಸ್ ಬಂದ ದಿನ ಇವನ ಮುಖ ನೋಡಿದ್ದೀನಿ. ಒಂದು ಸಾಕು."

"ಅದೇ ಬೇರೆ ಲೆಕ್ಕ, ಇದೇ ಬೇರೆ ಲೆಕ್ಕ. ಇವಳ ಅಂಕ ಹಳೇದ್ರಲ್ಲಾದ್ರೆ ಏಳುನೂರು ದಾಟುತ್ತೆ."

"ಇದೆಂಥ ಮಂತ್ರ ಮೇಡಂ! ಕಮ್ಮಿ ಇರೋದೇ ಜಾಸ್ತಿನಾ? ಹಾಗಾದ್ರೆ ನಾಳೆಯಿಂದ ನಾನೂ ಕೊಳೆ ಇರೋದೇ ಶುಭ್ರ ಅಂತ ಬಟ್ಟೆ ವಾಪಸ್ ಕೊಡ್ತೀನಿ."

ಅಂಕಮ್ಮ ಪರೀಕ್ಷೆಯವರೇ ಕೊಟ್ಟ ಹೋಲಿಕೆಯ ಪಟ್ಟಿಯನ್ನು ಫೋನಿನಲ್ಲಿ ತೋರಿಸಿದರು. ಯಜಮಾನರು ಕನ್ನಡಕ ಹಣೆಗೇರಿಸಿ, "ಕೋಚಿಂಗ್ ನಡೆಸೋರ ಫೋನಲ್ಲಿ ಎಲ್ಲರೂ ಪಾಸೇ" ಅಂದರು. ಎದುರು ರಸ್ತೆಯವರು ಬಿತ್ತಿದ ಅನುಮಾನ, ಉಣ್ಣಬೇಕಾದವರು ಅಂಕಮ್ಮ.

ಅವರು ಸ್ಟೂಲಿನ ಕಡೆ ತಿರುಗಿದರು. "ನೀನು ಹೇಳಪ್ಪಾ. ನಿನಗೆ ಗೊತ್ತಿರುತ್ತಲ್ಲ."

"ನನಗೇನ್ ಗೊತ್ತು ಮೇಡಂ, ನಮ್ಮ ಕಾಲ ಮುಗೀತು" ಅಂದ, ತಲೆ ಎತ್ತದೆ.

ತಾಯಿಯ ಸೂಜಿ ನಿಂತಿತು. "ಲೋ, ಇಲ್ಲಿ ತಿರುಗು. ಕಿವಿ ಕೆಂಪಗಾಗಿದೆ. ಮೇಡಂ, ಚಿಕ್ಕವನಿದ್ದಾಗ ಸಕ್ಕರೆ ಡಬ್ಬಿ ಹತ್ರ ಸಿಕ್ಕಿಬಿದ್ರೂ ಅಷ್ಟೆ, ಮೊದಲು ಒಪ್ಕೋತಿದ್ದಿದ್ದು ಕಿವಿ. ಬಾಯಿ ಆಮೇಲೆ."

ಅವನು ಫೋನ್ ಜೇಬಿಗಿಟ್ಟ. "ಅವಳದ್ದೇ ಜಾಸ್ತಿ. ನನ್ನ ಆರುನೂರ ಎಂಬತ್ತು ಈಗ ಆರುನೂರ ಇಪ್ಪತ್ತೈದಾದ್ರೆ ಹೆಚ್ಚು."

"ಯಾವಾಗ ಗೊತ್ತಾಯ್ತು ನಿನಗೆ?" ಯಜಮಾನರು ಕೇಳಿದರು.

"ಅವಳ ಫಲಿತಾಂಶ ಬಂದ ದಿನಾನೇ."

"ಮತ್ತೆ ಬಾಯಿಗೆ ಗುಂಡಿ ಹೊಲ್ಕೊಂಡಿದ್ಯಾ?"

"ಈ ಮನೇಲಿ ನಂದು ಅಂತ ಇದ್ದಿದ್ದು ಅದೊಂದೇ ಅಲ್ವಾ, ಅಪ್ಪಾ."

ಬೈಯಲೆಂದು ಬಾಯಿ ತೆರೆದಿದ್ದ ಅಂಕಮ್ಮ ಕೈಯ ಸೀಮೆಸುಣ್ಣದ ಪುಡಿ ಕೊಡವಿಕೊಂಡರು. ದುಡಿಯುವ ಮಗ, ಹೊತ್ತಿಗೆ ಸರಿಯಾಗಿ ಮನೆಗೆ ಬರುವ ಮಗ, ತನ್ನದೆಂದು ತೋರಿಸಲು ಒಂದು ಸಂಖ್ಯೆ ಬಿಟ್ಟು ಬೇರೇನೂ ಇಲ್ಲ ಅಂದುಕೊಂಡಿದ್ದಾನೆ. ಹಾಗೆ ಅಂದುಕೊಳ್ಳುವಂತೆ ಮಾಡಿದವರ ಮೇಲೆ ಕೇಸು ಹಾಕಲು ಯಾವ ಕಾನೂನೂ ಇಲ್ಲ.

ಯಜಮಾನರು ಮಾತ್ರ ಗಾಳಿ ಬಂದ ಕಡೆ ತೂರಿಕೊಂಡರು. "ಅಂದ್ರೆ ಇವಳು ಅಣ್ಣನ್ನೇ ಮೀರಿಸಿದಾಳೆ! ಸರಿ ಮತ್ತೆ, ಹೋಗ್ಲಿ."

"ಅಪ್ಪಾ," ಅಲ್ಲಿಯವರೆಗೆ ಬಾಗಿಲಿಗೆ ಒರಗಿ ನಿಂತಿದ್ದ ಮಗಳು ಅಂದಳು, "ಅವನದ್ದೇ ಜಾಸ್ತಿ ಇದ್ದಿದ್ರೂ ನಾನು ಹೋಗ್ಬೇಕಿತ್ತು. ಅವರು ಕರೆದಿರೋದು ನನ್ನನ್ನ. ಇನ್ಮೇಲೆ ನಮ್ಮಿಬ್ಬರನ್ನ ಅಕ್ಕಪಕ್ಕ ನಿಲ್ಲಿಸಿ ಅಳೀಬೇಡಿ."

ಯಜಮಾನರು ಇಸ್ತ್ರಿಯನ್ನು ಪ್ಯಾಂಟಿನ ಮೇಲೇ ಬಿಟ್ಟು ಮಗಳನ್ನು ನೋಡಿದರು. "ರೀ, ಪ್ಯಾಂಟು!" ಎಂದು ಹೆಂಡತಿ ಕೂಗಿದಾಗಲೇ ಇಸ್ತ್ರಿ ಪೆಟ್ಟಿಗೆ ಎತ್ತಿದ್ದು. ಸದ್ಯ, ಬಟ್ಟೆ ಬಿಸಿಯಾಗಿತ್ತು ಅಷ್ಟೆ, ಸುಟ್ಟಿರಲಿಲ್ಲ.

ಆ ಗದ್ದಲದಲ್ಲೇ ಹುಡುಗಿ "ಬರುತ್ತೇನೆ" ಎಂದು ಕಾಲೇಜಿಗೆ ಉತ್ತರ ಕಳಿಸಿದಳು. ಅಣ್ಣ ಗಂಟಲು ಸರಿಮಾಡಿಕೊಂಡ. "ಸಂದರ್ಶನದಲ್ಲಿ ನನ್ನನ್ನ ಎಲ್ಲಿ ಕೆಡವಿದ್ರು ಅಂತ ಹೇಳ್ತೀನಿ, ಕೇಳ್ತೀಯಾ? ಇದುವರೆಗೆ ಯಾರಿಗೂ ಹೇಳಿಲ್ಲ."

"ಕೇಳ್ತೀನಿ," ಅಂದಳು ತಂಗಿ. "ಮೊದಲು ಸ್ಟೂಲಿಂದ ಏಳು. ಅದು ನಂದು."