ಎಂಟನೆಯ ಬ್ಯಾರೊನೆಟ್‌ನ ಪೌರತ್ವ ಅರ್ಜಿ

2003ರ ಅಕ್ಟೋಬರ್ ತಿಂಗಳು. ಲಾಸ್ ಏಂಜಲಿಸ್ ಪಕ್ಕದ ಸೆರಿಟೋಸ್‌ನಲ್ಲಿ ನಾನು ವಲಸೆ ಕಾನೂನಿನ ವಕೀಲಿ ಹಿಡಿದು ಹನ್ನೊಂದನೆಯ ವರ್ಷ. ಧಾರವಾಡದಲ್ಲಿ ಕಾನೂನು ಓದಿ, ಮದುವೆಯಾಗಿ ಇಲ್ಲಿಗೆ ಬಂದು, ಕ್ಯಾಲಿಫೋರ್ನಿಯಾದ ಬಾರ್ ಪರೀಕ್ಷೆಯನ್ನು ಎರಡನೆಯ ಯತ್ನಕ್ಕೆ ಪಾಸು ಮಾಡಿದವಳು ನಾನು. ನನ್ನ ಕಕ್ಷಿದಾರರಲ್ಲಿ ಮುಕ್ಕಾಲು ಪಾಲು ನಮ್ಮ ಕಡೆಯ ಎಂಜಿನಿಯರುಗಳೇ. ಮೊದಲು ವೀಸಾ, ಆಮೇಲೆ ಗ್ರೀನ್ ಕಾರ್ಡ್, ಕೊನೆಗೆ ಪೌರತ್ವ. ಫಾರ್ಮ್ ತುಂಬುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬ ಜಂಬ ಆಗ ನನಗಿತ್ತು. ಆ ಜಂಬ ಇಳಿದ ಕೇಸು ಇದು.

ಸ್ಯಾನ್ ಡಿಯೇಗೊದಲ್ಲಿ ಟೆಲಿಕಾಂ ಎಂಜಿನಿಯರ್ ಆಗಿದ್ದ ಬೆಂಗಳೂರಿನ ಗುರುಪ್ರಸಾದ್ ಒಂದು ದಿನ ಫೋನ್ ಮಾಡಿದರು. ಅವರ ಗ್ರೀನ್ ಕಾರ್ಡ್ ಕೆಲಸ ನಾನೇ ಮಾಡಿಕೊಟ್ಟಿದ್ದೆ.

"ಮೇಡಂ, ನಮ್ ಪಕ್ಕದ್ಮನೇಲಿ ಒಬ್ರು ಐರಿಷ್ ತಾತ ಇದಾರೆ, ತುಂಬಾ ಒಳ್ಳೇವ್ರು. ನಲ್ವತ್ ವರ್ಷದಿಂದ ಗ್ರೀನ್ ಕಾರ್ಡಲ್ಲೇ ಇದಾರಂತೆ. ಏರ್‌ಪೋರ್ಟಲ್ಲಿ ಏನೋ ಪ್ರಾಬ್ಲಂ ಆಗಿದೆ. ಸಿಟಿಜನ್‌ಶಿಪ್‌ಗೆ ಅಪ್ಲೈ ಮಾಡ್ಸಿಬಿಡಿ, ಪ್ಲೀಸ್."

ಮರುವಾರ ಆ ತಾತ ನನ್ನ ಆಫೀಸಿಗೆ ಬಂದರು. ಹೆಸರು ಫ್ರಾನ್ಸಿಸ್ ಮೊಯ್ಲನ್. ಅರವತ್ತೊಂಬತ್ತು ವರ್ಷ, ಎತ್ತರದ ಆಳು. ಹಾಯಿದೋಣಿ ದುರಸ್ತಿ ಮಾಡಿ ಮಾಡಿ ಅಂಗೈ ಹಲಗೆಯಾಗಿತ್ತು. ಹೆಂಡತಿಯ ಸಮಾಧಿ ಸ್ಯಾನ್ ಡಿಯೇಗೊದಲ್ಲಿ, ಒಬ್ಬಳೇ ಮಗಳೂ ಅಲ್ಲೇ. ನಿವೃತ್ತರಾದ ಮೇಲೆ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಐರ್ಲೆಂಡಿನ ಪಶ್ಚಿಮ ಕರಾವಳಿಯ ಒಂದು ಊರಿಗೆ ಹೋಗಿ ಐದು ತಿಂಗಳು ಇದ್ದು ಬರುತ್ತಿದ್ದರು. ಆ ಸೆಪ್ಟೆಂಬರ್‌ನಲ್ಲಿ ವಾಪಸು ಬಂದಾಗ ಲಾಸ್ ಏಂಜಲಿಸ್ ವಿಮಾನ ನಿಲ್ದಾಣದ ಅಧಿಕಾರಿ, "ನೀವು ಇರುವುದು ಇಲ್ಲೋ ಅಲ್ಲೋ?" ಎಂದು ತಡೆದು ಕೇಳಿದ್ದ. ಗ್ರೀನ್ ಕಾರ್ಡ್ ಇರುವುದು ಇಲ್ಲಿ ವಾಸ ಮಾಡುವವರಿಗೆ. ಹೀಗೇ ಹೋಗಿ ಬರುತ್ತಿದ್ದರೆ ವಾಸ ಬಿಟ್ಟಂತೆ ಎಂದು ಒಂದು ದಿನ ಕಾರ್ಡ್ ಕಿತ್ತುಕೊಳ್ಳಬಹುದಿತ್ತು. ಪೌರನಾದರೆ ಆ ಹೆದರಿಕೆ ಇಲ್ಲ.

ನಾನು ಲೆಕ್ಕ ಹಾಕಿದೆ. ಐದು ವರ್ಷಕ್ಕೆ ಅರವತ್ತು ತಿಂಗಳು, ಹೊರಗಿದ್ದದ್ದು ಇಪ್ಪತ್ತೈದು, ಇಲ್ಲಿದ್ದದ್ದು ಮೂವತ್ತೈದು. ಕಾನೂನು ಕೇಳುವುದು ಮೂವತ್ತು. ಸರಳವಾದ ಕೇಸು ಎಂದುಕೊಂಡು ಎನ್-400 ಅರ್ಜಿ ತೆಗೆದು ಸರಸರ ಪ್ರಶ್ನೆ ಕೇಳುತ್ತ ಹೋದೆ. ಪೌರತ್ವದ ಅರ್ಜಿಯಲ್ಲಿ ಒಂದು ವಿಚಿತ್ರ ಪ್ರಶ್ನೆಯಿದೆ: ಬೇರೆ ದೇಶದಲ್ಲಿ ನಿಮಗೆ ಯಾವುದಾದರೂ ಕುಲೀನ ಬಿರುದು ಇದೆಯೆ? ಇದ್ದವರು ಪ್ರಮಾಣವಚನದ ದಿನ ಅದನ್ನು ಎಲ್ಲರೆದುರು ತ್ಯಜಿಸಬೇಕು. ಹನ್ನೊಂದು ವರ್ಷ ಯಾರ ಮುಖವನ್ನೂ ನೋಡದೆ ಅಲ್ಲಿ "ಇಲ್ಲ" ಎಂದು ಗುರುತು ಹಾಕಿದ್ದವಳು ನಾನು. ನನ್ನ ಸ್ವಂತ ಅರ್ಜಿಯಲ್ಲೂ ಹಾಗೇ ಹಾಕಿದ್ದೆ, ದೇಸಾಯಿ ಎಂಬ ಅಡ್ಡಹೆಸರು ಹೊತ್ತುಕೊಂಡು!

ಪೆನ್ನು ಆ ಚೌಕಕ್ಕೆ ತಾಗುವಷ್ಟರಲ್ಲಿ ಮೊಯ್ಲನ್ ಅವರು ಮೆಲ್ಲಗೆ ಹೇಳಿದರು: "ಅದು ನನಗೆ ಗೊತ್ತಿಲ್ಲ."

ಬಿರುದು ಇದೆಯೋ ಇಲ್ಲವೋ ಗೊತ್ತಿಲ್ಲದ ಮನುಷ್ಯನನ್ನು ನಾನು ಅದೇ ಮೊದಲು ಕಂಡದ್ದು. ಅವರು ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದರು. ಬ್ರಿಟನ್ನು, ಐರ್ಲೆಂಡುಗಳಲ್ಲಿ "ಸರ್" ಎಂದು ಕರೆಸಿಕೊಳ್ಳುವವರು ಎರಡು ಬಗೆ. ನೈಟ್ ಪದವಿ ರಾಜರು ಒಬ್ಬ ವ್ಯಕ್ತಿಗೆ ಕೊಡುವುದು, ಅವನೊಂದಿಗೇ ಮುಗಿಯುವುದು. ಬ್ಯಾರೊನೆಟ್ ಪದವಿ ತಂದೆಯಿಂದ ಹಿರಿಯ ಮಗನಿಗೆ, ಅವನಿಗೆ ಗಂಡುಮಕ್ಕಳಿಲ್ಲದಿದ್ದರೆ ತಮ್ಮನಿಗೆ ಇಳಿಯುವುದು. ಲಾರ್ಡ್ ಅಲ್ಲ, ಸಾಮಾನ್ಯನೂ ಅಲ್ಲ, ಎರಡರ ನಡುವಿನ ಮೆಟ್ಟಿಲು. 1611ರಲ್ಲಿ ಐರ್ಲೆಂಡಿನ ಅಲ್ಸ್ಟರ್ ಪ್ರಾಂತದಲ್ಲಿ ಸೈನ್ಯ ಇಡುವ ಖರ್ಚಿಗೆಂದು ರಾಜ ಜೇಮ್ಸ್ ಇದನ್ನು ಶುರು ಮಾಡಿದನಂತೆ. ಮೊಯ್ಲನ್ ಮನೆತನಕ್ಕೆ ಇದು ಬಂದು ಏಳು ತಲೆ.

ಜೇಬಿನಿಂದ ಒಂದು ಹಳೆಯ ಪದಕ ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಕೆಂಪು ಬಣ್ಣದ ಒಂದು ಅಂಗೈ, ಬ್ಯಾರೊನೆಟ್‌ಗಳ ಗುರುತು. ಅಲ್ಸ್ಟರಿನ ಕತೆಯಂತೆ, ಇಬ್ಬರು ದೋಣಿ ಪಂದ್ಯ ಕಟ್ಟಿದರು. ಮೊದಲು ದಡ ಮುಟ್ಟಿದ ಕೈಗೆ ರಾಜ್ಯ. ಸೋಲುತ್ತಿದ್ದವನು ತನ್ನ ಕೈಯನ್ನೇ ಕಡಿದು ದಡಕ್ಕೆ ಎಸೆದ. ಕೈ ಮೊದಲು ತಲುಪಿತು, ಮನುಷ್ಯ ಆಮೇಲೆ ಬಂದ. ಅವರ ದನಿಯಲ್ಲಿ ಆ ಕತೆ ಕೇಳುತ್ತಿದ್ದರೆ ಆಫೀಸಿನ ಮುಂದಿನ ಆರ್ಟೀಷಿಯಾ ಬೀದಿಯ ಹಾರ್ನ್ ಸದ್ದು ಎಲ್ಲೋ ದೂರ ಸರಿದು, ನನ್ನ ಕಿಟಕಿಯ ಹೊರಗೆ ನೀರಿದೆ ಎನಿಸುತ್ತಿತ್ತು.

"ನಮ್ಮಲ್ಲಿ ದೋಣಿ ಮಾತ್ರ ಬಂತು," ಎಂದರು.

ಅಣ್ಣ ಹ್ಯೂ ಏಳನೆಯ ಬ್ಯಾರೊನೆಟ್. ಮದುವೆಯಾಗಿರಲಿಲ್ಲ. 1962ರ ಮೇ ತಿಂಗಳ ಒಂದು ಬೆಳಿಗ್ಗೆ ಸಣ್ಣ ದೋಣಿಯಲ್ಲಿ ಒಬ್ಬನೇ ಹೊರಟ. ಮಧ್ಯಾಹ್ನ ದೋಣಿ ಖಾಲಿಯಾಗಿ ದಡಕ್ಕೆ ಬಂತು. ದೇಹ ಸಿಗಲಿಲ್ಲ. ಅಣ್ಣ ಸತ್ತ ಗಳಿಗೆಯಿಂದಲೇ ಬಿರುದು ತಮ್ಮನದು. ಆದರೆ "ಸರ್" ಎನ್ನಿಸಿಕೊಳ್ಳಬೇಕಾದರೆ ಅಣ್ಣ ಸತ್ತಿದ್ದಾನೆ ಎಂದು ಸಾಧಿಸಿ ಅಧಿಕೃತ ಪಟ್ಟಿಯಲ್ಲಿ ಹೆಸರು ಬರೆಸಬೇಕು. ತಾಯಿ ಬಿಡಲಿಲ್ಲ. "ಸರ್ ಅನ್ನಿಸಿಕೊಂಡ ದಿನ ನೀನೇ ಅವನನ್ನು ಹೂಳಿದ ಹಾಗೆ," ಎಂದಳಂತೆ. ಮರುವರ್ಷ ಫ್ರಾನ್ಸಿಸ್ ಊರು ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಬಂದರು. ತಾಯಿ ತೀರಿಕೊಂಡ ಮೇಲೂ ಪಟ್ಟಿಯ ಕಡೆ ತಲೆ ಹಾಕಲಿಲ್ಲ. ಈಗ ಪ್ರತಿ ಬೇಸಿಗೆ ಆ ದಡದಲ್ಲಿ ಬಾಡಿಗೆ ಕೋಣೆ ಹಿಡಿದು ಕೂಡುತ್ತಾರೆ.

"ಹುಡುಕುತ್ತೀರಾ?" ಎಂದೆ.

"ಇಲ್ಲ. ಅವನು ಬಂದರೆ ಗುರುತು ಹಿಡಿಯುವವರು ಒಬ್ಬರಾದರೂ ಇರಬೇಕಲ್ಲ."

ಇಕ್ಕಟ್ಟು ನನಗೆ ಆಗ ತಿಳಿಯಿತು. "ಬಿರುದು ಇದೆ" ಎಂದು ಬರೆದರೆ ಅಣ್ಣ ಸತ್ತ ಎಂದು ತಾನೇ ಪ್ರಮಾಣ ಮಾಡಿದಂತೆ. "ಇಲ್ಲ" ಎಂದರೆ ಅಣ್ಣ ಬದುಕಿದ್ದಾನೆ ಎಂದಂತೆ; ಸುಳ್ಳೆಂದು ತೀರ್ಮಾನವಾದರೆ ಪೌರತ್ವಕ್ಕೇ ಸಂಚಕಾರ. ಆ ದಡದಲ್ಲಿ ಕಾಯುವ ಸ್ವಾತಂತ್ರ್ಯ ಬೇಕೆಂದರೆ, ಕಾಯುವುದಕ್ಕೆ ಇನ್ನು ಯಾರೂ ಇಲ್ಲ ಎಂದು ಮೊದಲು ಒಪ್ಪಬೇಕಿತ್ತು.

ನನಗೆ ಅಳು ಬಂದಂತಾಯಿತು, ಅದಕ್ಕೊಂದು ಕಾರಣವಿತ್ತು. ನನಗೆ ಹತ್ತು ವರ್ಷವಿದ್ದಾಗ ನನ್ನ ಅಪ್ಪನ ತಮ್ಮ ಸುಧಾಕರ ಕಾಕಾ ಸೊಲ್ಲಾಪುರಕ್ಕೆ ಹೋಗಿ ಬರ್ತೀನಿ ಎಂದು ಹೋದವನು ಮರಳಲಿಲ್ಲ. ಪೊಲೀಸರು, ಜ್ಯೋತಿಷಿಗಳು, ಹರಕೆಗಳು ಎಲ್ಲ ಮುಗಿದವು. ಹನ್ನೆರಡು ವರ್ಷವಾದ ಮೇಲೆ ದರ್ಭೆಯ ಆಕೃತಿ ಮಾಡಿ ಕರ್ಮ ಮಾಡಬಹುದು ಎಂದು ಆಚಾರ್ಯರು ಹೇಳಿದಾಗ ನನ್ನ ಅಜ್ಜಿ ಅವರನ್ನು ಎಬ್ಬಿಸಿ ಕಳಿಸಿದಳು. ನಾನೊಮ್ಮೆ, "ಕಾಕಾ ಸತ್ತಾನೇನು?" ಎಂದು ಕೇಳಿ, "ಬಿಡ್ತು ಅನ್ನು!" ಎಂದು ಬೆನ್ನಿಗೆ ಗುದ್ದು ತಿಂದಿದ್ದೆ. ಅಂದಿನಿಂದ ಆ ಮಾತು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಅವನ ಹೆಂಡತಿ, ನನ್ನ ಕಾಕು, ಪ್ರತಿದಿನ ಕುಂಕುಮ ಇಟ್ಟುಕೊಳ್ಳುತ್ತಲೇ ಇದ್ದಳು.

ಹಾಗಾಗಿ ನಾನೊಂದು ಉಪಾಯ ಮಾಡಿದೆ. ಚೌಕ ಖಾಲಿ ಬಿಟ್ಟು ಎರಡು ಪುಟದ ಹೇಳಿಕೆ ಲಗತ್ತಿಸಿದೆ. ಅಣ್ಣನ ಸ್ಥಿತಿ ತಿಳಿದಿಲ್ಲ. ಆದ್ದರಿಂದ ಬಿರುದು ಅರ್ಜಿದಾರರದೋ ಅಲ್ಲವೋ ತಿಳಿದಿಲ್ಲ. ಒಂದು ವೇಳೆ ಅವರದಾಗಿದ್ದರೆ ಅದನ್ನು ತ್ಯಜಿಸುತ್ತಾರೆ. ಸಾವು ಎಂಬ ಶಬ್ದ ಎರಡು ಪುಟದಲ್ಲಿ ಒಂದು ಕಡೆಯೂ ಬರದಂತೆ ನೋಡಿಕೊಂಡೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಊಟದ ಹೊತ್ತಿಗೆ ಗಂಡ ಶ್ರೀಪಾದನಿಗೆ ಹೆಮ್ಮೆಯಿಂದ ಓದಿ ಹೇಳಿದೆ. ಎಲ್ ಸೆಗುಂಡೋದಲ್ಲಿ ಉಪಗ್ರಹಗಳ ಕೆಲಸ ಮಾಡುವ ಮನುಷ್ಯ, ಮಾತು ಕಡಿಮೆ.

"ಛಲೋ ಬರದೀ," ಎಂದ. "ಆದ್ರ ನೀ ನಡಸ್ಲಿಕ್ಕತ್ತಿದ್ದು ಅವರ ಕೇಸೋ, ಕಾಕೂಂದೋ?"

ನಾನು ಎದ್ದು ತಟ್ಟೆ ತೊಳೆಯಲು ಹೋದೆ. ಸರಿಯಾದ ಮಾತಿಗೆ ನನ್ನ ಉತ್ತರ ಯಾವಾಗಲೂ ಅದೇ.

ಸ್ಯಾನ್ ಡಿಯೇಗೊ ಕಚೇರಿಯ ಸಂದರ್ಶನ 2004ರ ಜೂನ್‌ನಲ್ಲಿ ಬಂತು. ಬೆರಳಚ್ಚು, ನೋಟೀಸು ಎಂದು ಕಾಯುತ್ತ ಕೂತದ್ದರಿಂದ ಆ ವರ್ಷ ಮೊಯ್ಲನ್ ಅವರು ಏಪ್ರಿಲ್‌ನಲ್ಲಿ ವಿಮಾನ ಹತ್ತಿರಲಿಲ್ಲ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು ಐದನೇ ನಂಬರಿನ ಫ್ರೀವೇ ಹಿಡಿದೆ. ಜೂನ್‌ನಲ್ಲಿ ಈ ಕರಾವಳಿಯ ಮೇಲೆ ಬೂದುಬಣ್ಣದ ಮಂಜು ಮಧ್ಯಾಹ್ನದವರೆಗೂ ಕೂತಿರುತ್ತದೆ. ಸ್ಯಾನ್ ಕ್ಲೆಮೆಂಟೆ ದಾಟಿದ ಮೇಲೆ ಸಮುದ್ರ ರಸ್ತೆಯ ಪಕ್ಕಕ್ಕೇ ಬಂತು, ಆದರೆ ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತೋ ಕಾಣಲಿಲ್ಲ. ಮುಂದಿನ ಕಾರಿನ ಕೆಂಪು ದೀಪ ಒಮ್ಮೆ ಇದೆ, ಒಮ್ಮೆ ಇಲ್ಲ. ಅದರೊಳಗಿಂದ ಯಾರು ಬೇಕಾದರೂ ನಡೆದು ಬರಬಹುದು ಎನಿಸಿತು, ಕಾಕಾ ಕೂಡ, ಕೈಯಲ್ಲಿ ಅದೇ ರೆಕ್ಸಿನ್ ಚೀಲ ಹಿಡಿದುಕೊಂಡು. ಮಂಜಿನಲ್ಲಿ ಡ್ರೈವ್ ಮಾಡುವಾಗ ಹೀಗೆಲ್ಲ ಕನಸು ಕಾಣಬಾರದು ಎಂದು ನನಗೆ ನಾನೇ ಬೈದುಕೊಂಡೆ.

ಅಧಿಕಾರಿ ಐವತ್ತರ ಆಸುಪಾಸಿನ ಹೆಂಗಸು. ಮೊದಲು ಮೊಯ್ಲನ್ ಅವರಿಂದ ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿದರು. ಸಂದರ್ಶನದಲ್ಲಿ ವಕೀಲರು ಪಕ್ಕದಲ್ಲಿ ಕೂರಬಹುದು, ಆದರೆ ಅರ್ಜಿದಾರರ ಪರವಾಗಿ ಉತ್ತರ ಕೊಡುವಂತಿಲ್ಲ. ಆಕೆ ನನ್ನ ಎರಡು ಪುಟಗಳನ್ನು ಪೂರ್ತಿ ಓದಿ, ಮಡಚಿ, ಪಕ್ಕಕ್ಕಿಟ್ಟರು.

"ಇದು ನಿಮ್ಮ ವಕೀಲರು ಬರೆದದ್ದು. ನಾನು ನಿಮ್ಮನ್ನು ಕೇಳುತ್ತೇನೆ. ನಿಮ್ಮ ಅಣ್ಣ ಬದುಕಿದ್ದಾರೆ ಎಂದು ನೀವು ನಂಬುತ್ತೀರಾ?"

ದನಿಯಲ್ಲಿ ಒರಟುತನವಿರಲಿಲ್ಲ. ಆದರೂ "ಬಿಡ್ತು ಅನ್ನಿ" ಎಂದು ಆ ಅಮೆರಿಕನ್ ಅಧಿಕಾರಿಗೆ ಹೇಳುವುದೊಂದೇ ಬಾಕಿ. "ಹೇಳಿಕೆಯಲ್ಲಿ ಅದಕ್ಕೆ ಉತ್ತರವಿದೆ..." ಎಂದು ಬಾಯಿ ತೆರೆದೆ. ಮೊಯ್ಲನ್ ಅವರು ತಮ್ಮ ಎಡಗೈಯನ್ನು ನನ್ನ ಫೈಲಿನ ಮೇಲೆ ಅಂಗೈ ಊರಿ ಇಟ್ಟರು.

ಅವರು ಅಧಿಕಾರಿಯ ಕಡೆ ತಿರುಗಿದರು.

"ಹ್ಯೂಗೆ ಈಜು ಬರುತ್ತಿರಲಿಲ್ಲ," ಎಂದರು. "ದೋಣಿ ಎಳೆದು ದಡಕ್ಕೆ ಹಾಕಿದವನು ನಾನೇ. ಆಗಲೇ ನನಗೆ ಗೊತ್ತಿತ್ತು. ಅವನು ಸತ್ತಿದ್ದಾನೆ. ಅವತ್ತೇ ಸತ್ತ."

ಆಮೇಲೆ ಮಗುವಿನ ಹಾಗೆ ಅತ್ತರು. ಅಧಿಕಾರಿ ಟಿಶ್ಯೂ ಡಬ್ಬಿ ಮುಂದೆ ತಳ್ಳಿ, ಕಂಪ್ಯೂಟರ್ ಕಡೆ ತಿರುಗಿ ಏನೋ ಹುಡುಕುವವರಂತೆ ಕೂತರು. ಅದು ದೊಡ್ಡ ಮನಸ್ಸು. ಸ್ವಲ್ಪ ಹೊತ್ತಾದ ಮೇಲೆ ಆ ಪ್ರಶ್ನೆಯ ಮುಂದೆ "ಹೌದು" ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿದರು. ಹೊರಗೆ ಬಂದಾಗ ಮಂಜು ಹರಿದು ಬಿಸಿಲು ಬಿದ್ದಿತ್ತು. ನಾನು ಕ್ಷಮೆ ಕೇಳಿದೆ. ಅವರು, "ನೀವು ಬಹಳ ಮೃದುವಾಗಿ ಬರೆದಿದ್ದಿರಿ," ಎಂದರು. "ನನ್ನ ತಾಯಿಗೆ ಇಷ್ಟವಾಗುತ್ತಿತ್ತು." ಎರಡೇ ಮಾತು, ಎಷ್ಟು ನಾಟಿತೆಂದರೆ ಸೆರಿಟೋಸ್ ಮುಟ್ಟುವವರೆಗೂ ನಾನು ರೇಡಿಯೋ ಹಾಕಲಿಲ್ಲ.

ಪ್ರಮಾಣವಚನ ಆಗಸ್ಟ್‌ನಲ್ಲಿ. ಸಭಾಂಗಣದ ತುಂಬ ಜನ, ಎಲ್ಲರ ಕೈಯಲ್ಲೂ ಸಣ್ಣ ಧ್ವಜ. ಗುರುಪ್ರಸಾದ್ ಕ್ಯಾಮೆರಾ ತಂದಿದ್ದರು, ಮೊಯ್ಲನ್ ಅವರ ಮಗಳು ಹೂಗುಚ್ಛ ತಂದಿದ್ದಳು. ಎಲ್ಲರೂ ಒಟ್ಟಿಗೆ ಪ್ರಮಾಣ ಹೇಳಿದ ಮೇಲೆ ಮೊಯ್ಲನ್ ಅವರೊಬ್ಬರೇ ನಿಂತು ಒಂದು ವಾಕ್ಯ ಹೆಚ್ಚು ಹೇಳಬೇಕಿತ್ತು: ಇದುವರೆಗೆ ನಾನು ಹೊಂದಿದ್ದ ಬ್ಯಾರೊನೆಟ್ ಬಿರುದನ್ನು ತ್ಯಜಿಸುತ್ತೇನೆ. ನಲವತ್ತೆರಡು ವರ್ಷ ತನ್ನದಲ್ಲ ಎಂದು ದೂರವಿಟ್ಟದ್ದನ್ನು ಅವರು ತನ್ನದೆಂದು ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ, ಬಿಟ್ಟುಕೊಡುವ ವಾಕ್ಯದಲ್ಲಿ. ಮರುವರ್ಷ ಏಪ್ರಿಲ್‌ನಲ್ಲಿ ಐರ್ಲೆಂಡಿಗೆ ಹೋದವರು ಮೂರೇ ವಾರದಲ್ಲಿ ಮರಳಿದರು. ತಾಯಿಯ ಸಮಾಧಿಯ ಕಲ್ಲಿನ ಮೇಲೆ ಅಣ್ಣನ ಹೆಸರು, 1962 ಎಂಬ ಇಸವಿ ಕೆತ್ತಿಸಿ, ಅದರ ಫೋಟೋ ನನಗೂ ಒಂದು ಕಳಿಸಿದ್ದರು.

ಪ್ರಮಾಣವಚನವಾದ ವಾರ, ಭಾನುವಾರ ಸಂಜೆ, ನಾನು ಹುಬ್ಬಳ್ಳಿಗೆ ಫೋನ್ ಹಚ್ಚಿದೆ. ಅಲ್ಲಿ ಸೋಮವಾರ ಬೆಳಗು. ಕಾಕು ಮಗನ ಮನೆಯಲ್ಲಿದ್ದಳು, ಪೂಜೆ ಮುಗಿಸಿ ಚಹಾ ಕುಡಿಯುತ್ತಿದ್ದಳು. ಕಾಲಿಂಗ್ ಕಾರ್ಡಿನ ಅರ್ಧದಷ್ಟು ನಿಮಿಷಗಳನ್ನು ಹವೆ, ಆರೋಗ್ಯ ಎಂದು ಕಳೆದೆ. ಆಮೇಲೆ ಕಣ್ಣು ಮುಚ್ಚಿ ಕೇಳಿದೆ:

"ಕಾಕೂ, ಸುಧಾಕರ ಕಾಕಾ ಇದ್ದಾನಂತ ನಿನಗ ಅನಸ್ತದೇನು?"

ಆ ಕಡೆ ಚಹಾ ಬಟ್ಟಲು ಕೆಳಗಿಟ್ಟ ಸದ್ದು ಕೇಳಿತು.

"ಇಲ್ಲವಾ. ನನಗ ಎಂದೋ ಗೊತ್ತದ," ಎಂದಳು. "ನಿಮ್ಮ ಅಜ್ಜಿ ಅಂಜತಿದ್ರು, ನಿಮ್ಮ ಅಪ್ಪಾರು ಅಂಜತಿದ್ರು, ನೀವೆಲ್ಲಾರೂ ಅಂಜತಿದ್ರಿ. ಅದಕ್ಕ ಕುಂಕುಮ ಹಚ್ಚಿಕೋತ ಬಂದೆ. ಮೂವತ್ತಮೂರು ವರ್ಷಕ್ಕ ನೀ ಒಬ್ಬಾಕಿ ಕೇಳಿದಿ ನೋಡು."

ಈಗಲೂ ನಾನು ಫಾರ್ಮ್ ತುಂಬುತ್ತೇನೆ. ಅಂಥ ಪ್ರಶ್ನೆ ಬಂದಾಗ ಪೆನ್ನು ಕೆಳಗಿಟ್ಟು, ಎದುರಿಗೆ ಕೂತವರ ಮುಖ ನೋಡಿ ಕೇಳುತ್ತೇನೆ. ಉತ್ತರವನ್ನು ನಾನು ಬರೆದುಕೊಡುವುದಿಲ್ಲ.